ಗ್ರಿಮ್‌ಶಾ ಮನೆಯ ಸೆಕೆ

ಬಾಯ್ಲರ್ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಗಂಡಸು ಕ್ರಾಗ್‌ಡೆನ್ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ; ಸದ್ಯಕ್ಕೆ ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ಈ ಮಾತನ್ನು ನಾನೇ ಹೇಳಬೇಕಾಗಿ ಬಂದಿರುವುದು ದುರದೃಷ್ಟ. ಆದರೆ ಒಂದಕ್ಕೊಂದು ಅಂಟಿಕೊಂಡ ಹನ್ನೊಂದು ಮನೆಗಳ ಸಾಲಾದ ನಮ್ಮ ಪ್ರಾಸ್ಪೆಕ್ಟ್ ಟೆರೇಸಿನ ಜನ ಹೊಗಳಿಕೆಯಲ್ಲಿ ಮಹಾ ಜಿಪುಣರು. ಯಾರಾದರೂ ಚಂದ್ರನ ಮೇಲೆ ನಡೆದಾಡಿ ಬಂದರೂ ‘ಪರವಾಗಿಲ್ಲ, ಅಷ್ಟೇನೂ ಕೆಟ್ಟದಾಗಿರಲಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಮೂವತ್ತೆಂಟು ವರ್ಷ ನಾನು ಬಸ್ ಇನ್‌ಸ್ಪೆಕ್ಟರ್ ಆಗಿದ್ದೆ. ಟಿಕೆಟ್ ಇಲ್ಲದವನನ್ನು ಅವನ ಕಿವಿಯ ಬಣ್ಣ ನೋಡಿಯೇ ಹಿಡಿಯುತ್ತಿದ್ದೆ. ಅಂಥ ಕಣ್ಣಿಗೆ ಅಡುಗೆಮನೆಯ ಗೋಡೆಗೆ ನೇತುಬಿದ್ದ ಬಿಳಿ ಪೆಟ್ಟಿಗೆ ಯಾವ ಮಹಾ ಒಗಟು? ಗ್ಯಾಸ್ ಉರಿಸಿ ನೀರು ಕಾಯಿಸುವುದು, ಕಾದ ನೀರನ್ನು ಕೋಣೆ ಕೋಣೆಯನ್ನೂ ಬೆಚ್ಚಗಿಡುವ ರೇಡಿಯೇಟರಿಗೆ ಓಡಿಸುವುದು, ತಣ್ಣಗಾದ ಮೇಲೆ ವಾಪಸು ಕರೆಸಿಕೊಳ್ಳುವುದು. ಥೇಟ್ ಬಸ್ ಸರ್ವೀಸು. ಎಲ್ಲೋ ಒಂದು ಕಡೆ ಒಬ್ಬ ಡ್ರೈವರ್ ಸಿಗರೇಟು ಸೇದುತ್ತ ನಿಂತಿರುತ್ತಾನೆ. ಅವನನ್ನು ಪತ್ತೆ ಹಚ್ಚಿ ಗದರಿಸಿದರೆ ಸಂಚಾರ ಸರಾಗ.

ಆ ಫೆಬ್ರವರಿಯ ಚಳಿಯನ್ನು ವರ್ಣಿಸಿದರೆ ನೀವು ನಂಬುವುದಿಲ್ಲ, ಆದ್ದರಿಂದ ತಗ್ಗಿಸಿಯೇ ಹೇಳುತ್ತೇನೆ. ಗುಡ್ಡದ ಮೇಲಿನ ನಲವತ್ತು ಕುರಿಗಳು ಒಂದಕ್ಕೊಂದು ಹೆಪ್ಪುಗಟ್ಟಿಕೊಂಡು ಒಂದೇ ಕುರಿಯಾಗಿ ಕೆಳಗಿಳಿದು ಬಂದವು. ಕುರಿಯವನು ಬಾಗಿಲಲ್ಲಿ ನಿಂತು ‘ಒಂದು’ ಎಂದು ಎಣಿಸಿ ಗೇಟು ಹಾಕಿದ. ಅಂಥ ಚಳಿಯ ಶುಕ್ರವಾರ ಬೆಳಿಗ್ಗೆ, ನಮ್ಮ ಬಾಯ್ಲರ್ ಮುಳುಗುವ ಹಸುವಿನಂತೆ ಮೂರು ಸಲ ಗುಳುಗುಳು ಎಂದಿತು. ಕೆಂಪು ದೀಪ ಮಿಟುಕಿಸಿತು. ಸುಮ್ಮನಾಯಿತು.

“ಗ್ಯಾಸಿನವರಿಗೆ ಫೋನ್ ಮಾಡ್ತೀನಿ,” ಎಂದಳು ನನ್ನ ಹೆಂಡತಿ ಡಾರೀನ್.

“ಗ್ಯಾಸಿನವರು ಯಾಕೆ? ನಾನಿದೀನಲ್ಲ.”

“ಅದಕ್ಕೇ ಮಾಡ್ತೀನಿ ಅಂದಿದ್ದು.”

ಫೋನ್ ಮಾಡಿದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೊದಲು ಯಾರೂ ಬರುವುದಿಲ್ಲವೆಂದು ಉತ್ತರ ಬಂತು. ಫೋನ್ ಇಟ್ಟ ಕೂಡಲೇ ಅದು ಮತ್ತೆ ಬಡಿದುಕೊಂಡಿತು. ನಮ್ಮ ಮಗಳು ಬೆಥನಿ.

ಇಲ್ಲಿ ವಿಷಯದ ಗಾಂಭೀರ್ಯವನ್ನು ತಿಳಿಸಬೇಕು. ಭಾನುವಾರ ಎರಡು ಗಂಟೆಗೆ ನಮ್ಮ ಮೊಮ್ಮಗಳು ಐವಿಯ ನಾಮಕರಣ ಟೆರೇಸಿನ ತುದಿಯ ಪುಟ್ಟ ಚರ್ಚಾದ ಚಾಪೆಲ್ಲಿನಲ್ಲಿ, ಚಹಾ ನಮ್ಮ ಮನೆಯಲ್ಲಿ ಎಂದು ನಿಶ್ಚಯವಾಗಿತ್ತು. ನಮ್ಮ ವಂಶದ ನಾಲ್ಕು ತಲೆಮಾರಿನ ಗ್ರಿಮ್‌ಶಾಗಳು ಅದೇ ಚಾಪೆಲ್ಲಿನ ನೀರು ತಲೆಗೆ ಹಾಕಿಸಿಕೊಂಡು ಕಿರುಚಿದವರು. ಆದರೆ ಸಿರಿವಂತರ ಊರಾದ ಹ್ಯಾರೋಗೇಟ್‌ನ ಬೀಗರಿಗೆ ಈ ಏರ್ಪಾಡು ಮೊದಲಿನಿಂದಲೂ ಒಗ್ಗಿರಲಿಲ್ಲ. ಅವರ ಮನೆಯಲ್ಲಿ ನೆಲವೇ ಬಿಸಿಯಾಗಿರುತ್ತದಂತೆ.

“ಅಪ್ಪಾ, ಮನೆ ಬೆಚ್ಚಗಿದೆ ತಾನೆ? ಕೂಸಿಗಿನ್ನೂ ನಾಲ್ಕು ತಿಂಗಳು. ತಣ್ಣಗಿದ್ರೆ ಈಗ್ಲೇ ಹೇಳ್ಬಿಡು, ನಾಮಕರಣ ಇಲ್ಲೇ ಹ್ಯಾರೋಗೇಟಲ್ಲಿ ಮಾಡ್ತೀವಿ. ಅತ್ತೆ ಕೇಕಿನವನ ನಂಬರು ಕೈಯಲ್ಲೇ ಹಿಡ್ಕೊಂಡು ಕೂತಿದಾರೆ.”

“ಬೆಚ್ಚಗಾ? ಮಗಳೇ, ನಾನು ಬನಿಯನ್ನಲ್ಲಿ ಕೂತಿದೀನಿ. ನಿಮ್ಮಮ್ಮ ಬೀಸಣಿಗೆ ಹುಡುಕ್ತಿದಾಳೆ.”

ಆ ಹೊತ್ತಿಗೆ ನನ್ನ ಮೈಮೇಲೆ ಮೂರು ಸ್ವೆಟರು, ಡಾರೀನಳ ಗೌನು, ತಲೆಯ ಮೇಲೆ ಟೀಪಾಟಿಗೆ ಹೊದಿಸುವ ಉಣ್ಣೆಯ ಕುಲಾವಿ ಇದ್ದವು. ಕುಲಾವಿಯಲ್ಲಿ ಟೀಪಾಟಿನ ಮೂತಿಗೆಂದು ಬಿಟ್ಟ ತೂತಿನಿಂದ ನನ್ನ ಕಿವಿ ಹೊರಬಂದಿತ್ತು. ಡಾರೀನ್ ನನ್ನನ್ನು ದಿಟ್ಟಿಸಿ ನೋಡಿದಳು.

“ಭಾನುವಾರ ಎರಡು ಗಂಟೆ,” ಎಂದಳು. “ಆ ಕೂಸು ಹ್ಯಾರೋಗೇಟಿನ ಪಾಲಾದರೆ, ನಾರಿಸ್, ನೀನೂ ಆ ಬಾಯ್ಲರೂ ಒಟ್ಟಿಗೆ ಹೊರಗೆ.”

ನಾನು ಕೂಡಲೇ ಕಾರ್ಯಾಚರಣೆ ಆರಂಭಿಸಿದೆ. ನಡುಮನೆ ಹಾಲಿನ ಗೋಡೆಯಲ್ಲಿ ಮನೆಯ ಬಿಸಿಯನ್ನು ನಿಗದಿ ಮಾಡುವ ಥರ್ಮೋಸ್ಟಾಟಿನ ಬ್ಯಾಟರಿ ಬದಲಾಯಿಸಿ, ಮುಳ್ಳನ್ನು ಮೂವತ್ತು ಡಿಗ್ರಿಗೆ ತಿರುಗಿಸಿದೆ. ಏನೂ ಆಗಲಿಲ್ಲ. ಬಾಯ್ಲರಿನ ಬುಡದಲ್ಲಿರುವ ಒತ್ತಡದ ಮುಳ್ಳು ನೋಡಿದೆ. ಒಂದೂವರೆ, ಕೈಪಿಡಿಯ ಪ್ರಕಾರ ಸರಿಯಾಗಿಯೇ ಇತ್ತು. ಹೀಗೆ ಸರಿಯಾಗಿರುವವರ ಮೇಲೆ ನನಗೆ ವೃತ್ತಿಯಿಂದಲೇ ಅನುಮಾನ. ಎರಡರವರೆಗೆ ನೀರು ತುಂಬಿಸಿದೆ. ಆಮೇಲೆ ಕೆಂಪು ದೀಪದ ಪಕ್ಕದ ರೀಸೆಟ್ ಗುಂಡಿ ಒತ್ತಿದೆ. ಬಾಯ್ಲರ್ ಟಿಕ್ ಟಿಕ್ ಎಂದು ಆಸೆ ಹುಟ್ಟಿಸಿ, ಗುಳುಕ್ ಎಂದು ಕೈಕೊಟ್ಟಿತು. ಮತ್ತೆ ಒತ್ತಿದೆ. ಅಂದು ಸಂಜೆಯೊಳಗೆ ಎಪ್ಪತ್ತು ಸಲ ಒತ್ತಿರಬೇಕು. ಕರೆಂಟಿನ ಹೀಟರೊಂದು ಅಟ್ಟದಲ್ಲಿತ್ತು ನಿಜ. ಆದರೆ ಅದನ್ನೂ ಚಹಾದ ಕೆಟಲನ್ನೂ ಒಟ್ಟಿಗೆ ಹಾಕಿದರೆ ಮನೆಯ ಫ್ಯೂಸ್ ಹಾರುತ್ತಿತ್ತು. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ಮಾನವಂತರು ಏನು ಮಾಡುತ್ತಾರೋ ಅದನ್ನೇ ಮಾಡಿದೆವು. ಹೀಟರು ಅಟ್ಟಕ್ಕೆ ಮರಳಿತು.

ಮಧ್ಯೆ ಕಸ ಹಾಕಲು ಹಿತ್ತಿಲಿಗೆ ಹೋದಾಗ ಪಕ್ಕದ ಮನೆಯ ವಿಧವೆ ಮಿಸೆಸ್ ಟ್ಯಾಟರ್ಸಾಲ್ ಗೋಡೆಯ ಮೇಲಿಂದ ಇಣುಕಿದಳು. ತೀರಿಹೋದ ಗಂಡನ ಓವರ್‌ಕೋಟು, ಒಂದರ ಮೇಲೊಂದು ಎರಡು ಟೋಪಿ.

“ಬೆಚ್ಚಗಿದೀಯಾ ಚಿನ್ನಾ?”

‘ಇಲ್ಲ’ ಎನ್ನುವ ಪದ ನಮ್ಮ ಟೆರೇಸಿನಲ್ಲಿ ಈ ಪ್ರಶ್ನೆಗೆ ಚಾಲ್ತಿಯಲ್ಲಿಲ್ಲ. ಕಾಲು ಮುರಿದು ರಸ್ತೆಯಲ್ಲಿ ಬಿದ್ದವನೂ ‘ಗೊಣಗೋಕೇನೂ ಇಲ್ಲ, ನೀವು ಹೇಗಿದೀರಿ’ ಎಂದೇ ಕೇಳಬೇಕು. ಆದರೆ ನಾನು ಅಷ್ಟಕ್ಕೆ ನಿಲ್ಲುವ ಆಸಾಮಿಯಲ್ಲ.

“ಬೆಚ್ಚಗೇನು ಬಂತು, ಸೆಕೆ! ಕುದ್ದು ಹೋಗ್ತಿದೀನಿ. ಕಿಟಕಿ ತೆಗೀಬೇಕು ಈಗ.”

ಹೇಳಿದ ಮೇಲೆ ತೆಗೆಯದಿದ್ದರೆ ಹೇಗೆ? ಒಳಗೆ ಹೋಗಿ ಅಡುಗೆಮನೆಯ ಕಿಟಕಿಯನ್ನೂ ಹಾಲಿನ ಕಿಟಕಿಯನ್ನೂ ಅವಳಿಗೆ ಕಾಣುವಂತೆ ಪೂರ್ತಿ ತೆರೆದೆ. ಗುಡ್ಡದ ಗಾಳಿ ಒಳಬಂದು ಸೋಫಾದಲ್ಲಿ ಕೂತಿತು.

“ನಮ್ಮನೇಲೂ ಹಾಗೇ, ತಡೆಯೋಕಾಗಲ್ಲ,” ಎಂದಳು ಮಿಸೆಸ್ ಟ್ಯಾಟರ್ಸಾಲ್, ಹಲ್ಲು ಕಟಕಟಿಸುತ್ತ. “ಹಾಗೇ ಒಂದು ನಿಮಿಷ ಬಂದು ಹೋಗ್ತೀನಿ. ಡಾರೀನ್‌ನ ನೋಡಿ ಬಹಳ ದಿನ ಆಯ್ತು.”

ಡಾರೀನಳನ್ನು ಅವಳು ಬೆಳಿಗ್ಗೆ ತಾನೆ ನೋಡಿದ್ದಳು.

ಬಂದವಳು ಕೋಟು ತೆಗೆಯಲಿಲ್ಲ. “ಕೂರಲ್ಲ, ಈಗ ಹೊರಟೆ,” ಎಂದು ಕೂತು ಮೂರು ಗಂಟೆ ಇದ್ದಳು. ಅವಳ ಹಿಂದೆಯೇ ಬಲಗಡೆ ಮನೆಯ ಸೆಲ್ವಿನ್ ಬೂತ್, ಎರಡು ವರ್ಷದ ಹಿಂದೆ ನನ್ನಿಂದ ಒಯ್ದ ಸ್ಕ್ರೂಡ್ರೈವರನ್ನು ಹಿಂತಿರುಗಿಸುವ ನೆಪದಲ್ಲಿ ಬಂದ. ಸೆಲ್ವಿನ್ ನಿವೃತ್ತ ಅಂಚೆಯವ. ಇತರರ ಮನೆಯ ಸುದ್ದಿಯನ್ನು ಮುಚ್ಚಿದ ಲಕೋಟೆಯ ಹೊರಗಿನಿಂದಲೇ ಓದಬಲ್ಲವನು.

“ನಿಮ್ಮನೇಲಿ ಭಾರೀ ಸೆಕೆಯಂತೆ?”

“ನೋಡ್ತಿಲ್ವಾ ಸೆಲ್ವಿನ್, ಕಿಟಕಿ ತೆಗೆದಿಟ್ಟಿದೀನಿ.”

“ಹೌದ್ಹೌದು,” ಎಂದು ಅವನು ಕೈವಸ್ತ್ರ ತೆಗೆದು, ನೀಲಿಗಟ್ಟಿದ ಹಣೆಯ ಮೇಲಿನ ಇಲ್ಲದ ಬೆವರನ್ನು ಬಹಳ ಸಭ್ಯವಾಗಿ ಒರೆಸಿಕೊಂಡ. “ಒಳಗೆ ಕಾಲಿಡ್ತಿದ್ದ ಹಾಗೇ ಗೊತ್ತಾಯ್ತು.”

ಶನಿವಾರ ಮಧ್ಯಾಹ್ನದ ಹೊತ್ತಿಗೆ ಟೆರೇಸಿನ ಉಳಿದ ಹತ್ತು ಮನೆಯವರೂ ನಮ್ಮ ಹಾಲಿನಲ್ಲಿದ್ದರು. ಎಲ್ಲರೂ ಕೋಟು, ಮಫ್ಲರು, ಕೈಗವಸು ಸಮೇತ. ಎಲ್ಲರೂ ಈಗಷ್ಟೇ ಹೊರಟವರು. ಮಾತಾಡಿದರೆ ಬಾಯಿಂದ ಹೊಗೆ. ಆ ಹೊಗೆಯ ಮಧ್ಯೆ ಎದುರಿಗಿದ್ದವರ ಮುಖ ಕಾಣದೆ ಮಿಸೆಸ್ ಟ್ಯಾಟರ್ಸಾಲ್ ಅರ್ಧ ಗಂಟೆ ಕೋಟು ನೇತುಹಾಕಿದ ಗೂಟದ ಜೊತೆ ತನ್ನ ಮಂಡಿನೋವಿನ ಬಗ್ಗೆ ಮಾತಾಡಿದಳು. ಚಳಿ ಎಂಬ ಪದ ಒಬ್ಬರ ಬಾಯಿಂದಲೂ ಬರಲಿಲ್ಲ. ಬಂದಿದ್ದರೆ ನಾನೇ ಅವರನ್ನು ಅಸಭ್ಯರೆಂದು ಹೊರಗೆ ಕಳಿಸುತ್ತಿದ್ದೆ.

ಅವರೆಲ್ಲ ನೋಡುತ್ತಿರುವಾಗಲೇ ನಾನು ರೇಡಿಯೇಟರಿನ ಗಾಳಿ ಬಿಡಿಸಲು ತೀರ್ಮಾನಿಸಿದೆ. ರೇಡಿಯೇಟರಿನ ಮೇಲ್ತುದಿಯಲ್ಲಿ ಗಾಳಿ ಸೇರಿಕೊಂಡರೆ ಬಿಸಿನೀರು ಹತ್ತುವುದಿಲ್ಲ. ಪುಟ್ಟ ಕೀಲಿಯಿಂದ ಅಲ್ಲಿಯ ಸ್ಕ್ರೂ ಸಡಿಲಿಸಿದರೆ ಗಾಳಿ ಸುಯ್ಯೆಂದು ಹೊರಗೆ. ಪಕ್ಕದಲ್ಲಿ ಒಂದು ಬಟ್ಟೆ ಹಿಡಿದುಕೊಳ್ಳಬೇಕೆಂದು ಕೈಪಿಡಿಯಲ್ಲಿದೆ. ಬಟ್ಟೆ ಅಳ್ಳೆದೆಯವರಿಗೆ.

ಸ್ಕ್ರೂ ತಿರುಗಿಸುತ್ತಿದ್ದಾಗ ಬಾಗಿಲು ತೆರೆದು ಚಾಪೆಲ್ಲಿನ ಪಾದ್ರಿ ರೆವರೆಂಡ್ ಪಾಡ್ಮೋರ್ ಒಳಗೆ ಬಂದರು. ಅದೇ ಕ್ಷಣಕ್ಕೆ ಹತ್ತು ವರ್ಷ ಕೊಳೆತ ಕಪ್ಪು ನೀರು ಬಾಣದಂತೆ ಹಾರಿ ಅವರ ಮಂಡಿಯಿಂದ ಪಾದದವರೆಗೂ ಅಭಿಷೇಕ ಮಾಡಿತು.

“ಕ್ಷಮಿಸಿ,” ಎಂದರು ಪಾದ್ರಿಗಳು. “ನಾನೇ ಅಡ್ಡ ಬಂದೆ.”

“ಪರವಾಗಿಲ್ಲ ಸ್ವಾಮಿ,” ಎಂದು ನಾನು ಉದಾರವಾಗಿ ಕ್ಷಮಿಸಿದೆ.

ಅವರು ನನ್ನನ್ನು ಮೂಲೆಗೆ ಕರೆದು ದನಿ ತಗ್ಗಿಸಿದರು. “ನಾರಿಸ್, ಯಾರಿಗೂ ಹೇಳ್ಬೇಡಿ. ಚಾಪೆಲ್ಲಿನ ಬಾಯ್ಲರು ನಿಮ್ಮಜ್ಜನ ಕಾಲದ್ದು, ಗುರುವಾರ ಸತ್ತೇ ಹೋಯ್ತು. ನಾಳೆ ಕೂಸನ್ನ ಅಲ್ಲಿಗೆ ಕರ್ಕೊಂಡು ಬಂದ್ರೆ ಹೆಪ್ಪುಗಟ್ಟುತ್ತೆ. ನಿಮ್ಮನೆ ಕುಲುಮೆ ಹಾಗಿದೆ, ಕಿಟಕಿ ತೆಗೆದು ಕೂತಿದಾರೆ ಅಂತ ಇಡೀ ಬೀದಿ ಮಾತಾಡ್ತಿದೆ. ನಾಮಕರಣ ಇಲ್ಲೇ ಮಾಡಿಬಿಡೋಣವಾ? ನೀರಿನ ಬಟ್ಟಲು, ದೊಡ್ಡ ಟೀಪಾಟು ಎಲ್ಲಾ ನಾನೇ ತರಿಸ್ತೀನಿ.”

ಸಾಧಾರಣ ಮನುಷ್ಯ ಇಂಥಲ್ಲಿ ಸತ್ಯ ಹೇಳುತ್ತಾನೆ.

“ಅದಕ್ಕೇನು ಸ್ವಾಮಿ, ಸಂತೋಷ. ಬರೋರಿಗೆಲ್ಲ ತೆಳು ಬಟ್ಟೆ ಹಾಕ್ಕೊಂಡು ಬರೋಕೆ ಹೇಳಿ,” ಎಂದೆ.

ಹಿಂದೆ ಡಾರೀನ್ ನಿಂತಿದ್ದಳು. ಅವಳ ಕೈಯಲ್ಲಿದ್ದ ತಟ್ಟೆಯ ಬಿಸ್ಕತ್ತುಗಳು ನಡುಗುತ್ತಿದ್ದವು. ಅದು ಚಳಿಗಲ್ಲವೆಂದು ಮೂವತ್ತಾರು ವರ್ಷದ ದಾಂಪತ್ಯ ನನಗೆ ತಿಳಿಸಿತು.

ಭಾನುವಾರ. ಒಂದೂಮುಕ್ಕಾಲಕ್ಕೆ ಹಾಲಿನಲ್ಲಿ ಮೂವತ್ತು ಜನ. ಮೇಜಿನ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚುಗಳು ಹಂಚಿನಂತೆ ಗಟ್ಟಿಯಾಗಿದ್ದವು. ಅಡುಗೆಮನೆಯಲ್ಲಿ ಚಾಪೆಲ್ಲಿನ ಇಪ್ಪತ್ತು ಕಪ್ಪಿನ ತಗಡಿನ ಟೀಪಾಟಿಗೆ ಮಿಸೆಸ್ ಟ್ಯಾಟರ್ಸಾಲ್ ಚಹಾಪುಡಿ ಸುರಿಯುತ್ತಿದ್ದಳು. ನಾನು ನೂರಾ ನಲವತ್ತನೆಯ ಸಲ ಗುಂಡಿ ಒತ್ತಿದೆ. ಗುಳುಕ್.

ಹ್ಯಾರೋಗೇಟಿನ ಕಾರು ಬಂತು. ಬೆಥನಿ ಕೂಸನ್ನು ಕಂಬಳಿಯ ಮೂಟೆಯೊಳಗೆ ಹಿಡಿದು ಇಳಿದಳು. ಹಿಂದೆ ಅವಳ ಅತ್ತೆ ಲವೀನಿಯಾ ಫ್ಯಾನ್‌ಶಾ, ಪೂರ್ತಿ ಒಂದು ಕರಡಿಯಷ್ಟು ತುಪ್ಪಳದ ಕೋಟಿನಲ್ಲಿ. ಹೊಸ್ತಿಲು ದಾಟಿ ಮೂಗನ್ನು ಮೇಲೆತ್ತಿ ಗಾಳಿಯನ್ನು ಪರೀಕ್ಷಿಸಿದಳು.

“ಬೆಥನಿ, ಕೂಸನ್ನ ಬಿಚ್ಚಬೇಡ,” ಎಂದಳು. “ಇಲ್ಲಿ ಸ್ವಲ್ಪ... ತಂಪಾಗಿದೆ ಅಲ್ವಾ?”

ಬೆಥನಿ ನನ್ನ ಕಡೆ ನೋಡಿದಳು. ಡಾರೀನ್ ಬಾಗಿಲ ಕಡೆ ನೋಡಿದಳು. ನನ್ನ ಬಾಯಿ ತೆರೆದುಕೊಂಡಿತು, ಆದರೆ ಅದರಿಂದ ಏನೂ ಹೊರಬರಲಿಲ್ಲ. ನನ್ನ ಬಾಯಿಯ ಇತಿಹಾಸದಲ್ಲಿ ಇದೇ ಮೊದಲು.

ಆಗ ಸೆಲ್ವಿನ್ ಬೂತ್ ಎದ್ದು ನಿಂತ.

“ತಂಪಾ?” ಎಂದ. “ಎಲ್ಲಿ ತಂಪು?” ಎಂದವನೇ ಓವರ್‌ಕೋಟು ಬಿಚ್ಚಿದ. ಅದರಡಿಯ ಜಾಕೆಟ್ಟು ಬಿಚ್ಚಿದ. ಅದರಡಿಯ ಸ್ವೆಟರನ್ನು ತಲೆಯ ಮೇಲಿಂದ ಎಳೆದು, ಬರೀ ಅಂಗಿಯಲ್ಲಿ ನಿಂತು ತೋಳು ಮಡಚಿದ. “ಅಮ್ಮಾ, ನಿಮ್ಮ ಕಡೆ ನೆಲಕ್ಕೆಲ್ಲ ಬಿಸಿ ಹಾಕ್ಕೊಂಡು ಅಭ್ಯಾಸ. ನಮ್ಮಂಥ ಆರೋಗ್ಯವಂತರಿಗೆ ಇದು ಉರಿ ಸೆಕೆ.”

ಟೆರೇಸಿನ ಒಬ್ಬೊಬ್ಬರೂ ಎದ್ದರು. ಮಫ್ಲರು ಹೋಯಿತು, ಕೋಟು ಹೋಯಿತು, ಕೈಗವಸು ಹೋಯಿತು. ಮೂರನೆಯ ಮನೆಯ ಎಂಬತ್ತೊಂದರ ಅಜ್ಜ ಕಾಲುಚೀಲವನ್ನೂ ಕಳಚಿದ. ಎಲ್ಲರೂ ಸ್ತೋತ್ರದ ಹಾಳೆಗಳಿಂದ ಮುಖಕ್ಕೆ ಗಾಳಿ ಹಾಕಿಕೊಳ್ಳತೊಡಗಿದರು. ಒಬ್ಬೊಬ್ಬರ ಮೂಗೂ ಬೀಟ್ರೂಟಿನಂತೆ. ತುಟಿಗಳು ಶಾಯಿ ಕುಡಿದಂತೆ.

“ಉಶ್ಶಪ್ಪಾ!” ಎಂದರು ಪಾದ್ರಿಗಳು. ಸುಳ್ಳಾಡಬಾರದ ವೃತ್ತಿಯಾದ್ದರಿಂದ ಅಷ್ಟಕ್ಕೇ ನಿಲ್ಲಿಸಿದರು.

ಮೂವತ್ತು ಜನರ ಎದುರು ಒಬ್ಬಳೇ ಚಳಿಯಾಗುತ್ತಿದೆ ಎನ್ನುವುದು ಹೇಗೆ? ಲವೀನಿಯಾ ಫ್ಯಾನ್‌ಶಾಳ ಕೆನ್ನೆ ಕೆಂಪಾಯಿತು. “ಕಾರಿಂದ ಇಳಿದಿದ್ದಕ್ಕೆ ಹಾಗನ್ನಿಸ್ತೇನೋ,” ಎಂದಳು. ಆದರೂ ಕೋಟು ಬಿಡಲಿಲ್ಲ; ಬೆಥನಿಯೂ ಕೂಸನ್ನು ಬಿಚ್ಚಲಿಲ್ಲ.

“ಪ್ರಾರ್ಥನೆಯಿಂದ ಆರಂಭಿಸೋಣ,” ಎಂದರು ಪಾದ್ರಿಗಳು. “ಕೊನೆಯಲ್ಲಿ ಕೂಸನ್ನ ಬಿಚ್ಚಿ ನನ್ನ ಕೈಗೆ ಕೊಡಿ.” ಅವರ ಪ್ರಾರ್ಥನೆ ಸಾಮಾನ್ಯವಾಗಿ ಹತ್ತು ನಿಮಿಷ. ಎಲ್ಲರೂ ಕಣ್ಣು ಮುಚ್ಚಿದ ತಕ್ಷಣ ನಾನು ಬೆಕ್ಕಿನಂತೆ ಅಡುಗೆಮನೆಗೆ ಜಾರಿದೆ.

ಅಲ್ಲಿ ಮಿಸೆಸ್ ಟ್ಯಾಟರ್ಸಾಲ್ ಸಂಕಟದಲ್ಲಿದ್ದಳು. ಪ್ರಾರ್ಥನೆ ಮುಗಿಯುವುದರೊಳಗೆ ಚಹಾ ಕಹಿಯಾಗಿಬಿಡುತ್ತದೆ, ಬೀಗರಿಗೆ ಕಹಿ ಚಹಾ ಕೊಟ್ಟರೆ ಬೀದಿಯ ಮಾನ ಹೋಗುತ್ತದೆ, ಹೊಸದು ಮಾಡಬೇಕು, ಆದರೆ ಸಿಂಕಿನ ತುಂಬ ಕಪ್ಪುಗಳು.

“ಎಲ್ಲಿ ಚೆಲ್ಲಲಿ ಚಿನ್ನಾ?”

“ಎಲ್ಲಾದ್ರೂ ಚೆಲ್ಲು!” ಎಂದೆ.

ಅವಳು ತೆರೆದಿದ್ದ ಕಿಟಕಿಯಿಂದ ಟೀಪಾಟನ್ನು ಬಗ್ಗಿಸಿ ಇಪ್ಪತ್ತು ಕಪ್ಪು ಚಹಾವನ್ನು ಕಿಟಕಿಯ ಕೆಳಗೆ, ಹಿತ್ತಿಲ ಕಡೆಯ ಮನೆಗೋಡೆಯ ಮೇಲೆ ಸಾವಕಾಶವಾಗಿ ಸುರಿದಳು. ಹೊರಗೆ ಹಬೆ ಎದ್ದಿತು. ಏನೋ ಚಟ್ ಎಂದಿತು. ಕೋಲಿನಂಥದ್ದೇನೋ ಜಾರಿ ಮೋರಿಗೆ ಬಿದ್ದ ಸದ್ದು.

ನಾನು ನೂರಾ ನಲವತ್ತೊಂದನೆಯ ಸಲ ಗುಂಡಿ ಒತ್ತಿದೆ.

ಟಿಕ್. ಟಿಕ್. ಟಿಕ್. ಭುಸ್ಸ್!

ನೀಲಿ ಜ್ವಾಲೆ ಎದ್ದಿತು. ಕೊಳವೆಗಳು ಟಣಟಣ ಎಂದವು. ಆ ಸದ್ದಿಗೆ ಹಾಲಿನಲ್ಲಿ ಪ್ರಾರ್ಥನೆ ಅರೆಗಳಿಗೆ ನಿಂತಿತು. ಆಮೇಲೆ ಪಾದ್ರಿಗಳು ವಿಷಯವನ್ನು ಅರ್ಥಮಾಡಿಕೊಂಡವರಂತೆ ಪ್ರಾರ್ಥನೆಯನ್ನು ಮತ್ತೂ ಇಪ್ಪತ್ತು ನಿಮಿಷ ಲಂಬಿಸಿದರು. ರಾಜಮನೆತನ, ಮೀನುಗಾರರು, ಮಳೆಬೆಳೆ, ರೈಲ್ವೆ ಸಿಬ್ಬಂದಿ ಯಾರನ್ನೂ ಬಿಡಲಿಲ್ಲ. ನಾನು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದೆ. ಥರ್ಮೋಸ್ಟಾಟ್ ಮೂವತ್ತರಲ್ಲಿಯೇ ಇತ್ತು. ‘ಆಮೆನ್’ ಎನ್ನುವ ಹೊತ್ತಿಗೆ ಸ್ಯಾಂಡ್‌ವಿಚ್ಚುಗಳು ಮೆತ್ತಗಾಗಿದ್ದವು, ಸೆಲ್ವಿನ್ನನ ಹಣೆಯಲ್ಲಿ ಮೂರು ದಿನಗಳಲ್ಲಿ ಮೊದಲ ಬಾರಿಗೆ ಅಸಲಿ ಬೆವರು ಇತ್ತು, ಲವೀನಿಯಾ ಫ್ಯಾನ್‌ಶಾ ಕರಡಿಯನ್ನು ಕುರ್ಚಿಯ ಮೇಲೆ ಬಿಟ್ಟು ಸ್ತೋತ್ರದ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಬೆಥನಿ ಕಂಬಳಿ ಬಿಚ್ಚಿದಳು. ಐವಿ ಬಿಳಿ ನಿಲುವಂಗಿಯಲ್ಲಿ, ಬರಿಗಾಲಿನಲ್ಲಿ, ಪಾದ್ರಿಗಳ ತೋಳಿಗೆ ಹೋದಳು. ತಲೆಗೆ ನೀರು ಬಿದ್ದಾಗ ಕಿರುಚಿದ ಕಿರುಚಿಗೆ ಕಿಟಕಿಯ ಗಾಜು ಅದುರಿತು. ಐದನೆಯ ತಲೆಮಾರಿನ ಗ್ರಿಮ್‌ಶಾ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

“ಪರವಾಗಿಲ್ಲ ನಾರಿಸ್,” ಎಂದಳು ಡಾರೀನ್. “ಅಷ್ಟೇನೂ ಕೆಟ್ಟದಾಗಿರಲಿಲ್ಲ.” ಅವಳ ಕಣ್ಣಿನಲ್ಲಿ ನೀರಿತ್ತು. ಸೆಕೆಗಿರಬೇಕು.

ಬೀಗರ ಕಾರು ತಿರುವು ದಾಟಿದ್ದೇ ತಡ, ಮಿಸೆಸ್ ಟ್ಯಾಟರ್ಸಾಲ್ ನನ್ನ ತೋಳು ಹಿಡಿದಳು.

“ಚಿನ್ನಾ, ಒಂದು ಮಾತು. ನಮ್ಮನೆ ಬಾಯ್ಲರು ಗುರುವಾರದಿಂದ ಕೆಟ್ಟಿದೆ.”

ಸೆಲ್ವಿನ್ ಕೆಮ್ಮಿದ. “ನಮ್ದೂ.”

“ನಮ್ದೂ,” ಎಂದ ಕಾಲುಚೀಲ ಹುಡುಕುತ್ತಿದ್ದ ಅಜ್ಜ.

ಹತ್ತಕ್ಕೆ ಹತ್ತು ಮನೆ! ಎಲ್ಲವೂ ನಮ್ಮದರ ಜೊತೆ ಒಂದೇ ವರ್ಷ, ಒಬ್ಬನೇ ಗುತ್ತಿಗೆದಾರ ಕೂರಿಸಿದ ಬಾಯ್ಲರುಗಳು. ಮೂರು ದಿನ ಇಡೀ ಬೀದಿ ಒಬ್ಬರಿಗೊಬ್ಬರು ‘ಬೆಚ್ಚಗಿದೀವಿ’ ಎಂದು ಹೇಳಿಕೊಂಡು ಹೆಪ್ಪುಗಟ್ಟಿ ಕೂತಿತ್ತು. ನಾನು ಹಿತ್ತಿಲಿಗೆ ಹೋಗಿ ನೋಡಿದೆ. ಬಾಯ್ಲರಿನ ಹಿಂದಿನಿಂದ ಗೋಡೆ ತೂರಿ ಹೊರಬರುವ ಬಿಳಿ ಕೊಳವೆಯ ಮೇಲೆ ಚಹಾದ ಎಲೆಗಳು ಅಂಟಿದ್ದವು. ಮೋರಿಯಲ್ಲಿ ಮೊಳದುದ್ದದ ಮಂಜುಗಡ್ಡೆಯ ಕೋಲು. ಬಸ್ ಇನ್‌ಸ್ಪೆಕ್ಟರನ ಮೆದುಳು ಕ್ಷಣಾರ್ಧದಲ್ಲಿ ಎಲ್ಲವನ್ನೂ ಗ್ರಹಿಸಿತು.

“ಚಹಾ ಬೇಕಾಗಿತ್ತು ಅದಕ್ಕೆ,” ಎಂದು ಘೋಷಿಸಿದೆ. “ಗಟ್ಟಿ ಚಹಾ. ಹಾಲು ಹಾಕಬಾರದು. ಎಲ್ರೂ ಮನೇಗ್ ಹೋಗಿ ಟೀಪಾಟು ತನ್ನಿ.”

ಹಿಂದಿನ ಓಣಿಯಲ್ಲಿ ಹತ್ತು ಜನ ಹತ್ತು ಟೀಪಾಟು ಹಿಡಿದು, ಯಾರೂ ಹೇಳದೆಯೇ ಸಾಲಾಗಿ ನಿಂತರು. ‘ನೀವು ಮೊದಲು’, ‘ಛೆ, ನೀವು ಮೊದಲು’ ಎಂಬ ಉಪಚಾರದಲ್ಲಿ ಕಾಲು ಗಂಟೆ ಕಳೆಯಿತು. ಆಮೇಲೆ ನಾನು ಮನೆಮನೆಗೂ ಹೋಗಿ, ಕೊಳವೆಗೆ ಚಹಾ ಅರ್ಪಿಸಿ, ಒಳಗೆ ಕೂಗಿ ಗುಂಡಿ ಒತ್ತಿಸಿದೆ. ಭುಸ್ಸ್, ಭುಸ್ಸ್, ಭುಸ್ಸ್! ಸಂಜೆಯೊಳಗೆ ಟೆರೇಸಿನ ಹನ್ನೊಂದು ಚಿಮಣಿಕೊಳವೆಗಳೂ ಹಬೆ ಉಗುಳಿದವು.

ಸೋಮವಾರ ಹತ್ತಕ್ಕೆ ಗ್ಯಾಸ್ ಎಂಜಿನಿಯರ್ ಮಿಸ್ ಲೋಮ್ಯಾಕ್ಸ್ ಬಂದಳು. ಹಿತ್ತಿಲು ನೋಡಿ, ಓಣಿಯುದ್ದಕ್ಕೂ ನಡೆದು ಬಂದು, ಸೊಂಟಕ್ಕೆ ಕೈಯಿಟ್ಟು ನಿಂತಳು.

“ಹನ್ನೊಂದು ಮನೆ ಕೊಳವೆ ಮೇಲೂ ಚಹಾಪುಡಿ ಸುರಿದಿರೋದು ಯಾರು?”

“ನಾನೇ. ನಾರಿಸ್ ಗ್ರಿಮ್‌ಶಾ.”

“ಅಲ್ಲಾ ಸಾರ್, ಬಾಯ್ಲರಿನ ಬೇಡದ ನೀರು ತೊಟ್ಟಿಕ್ಕೋ ಕೊಳವೆ ಅದು. ಚಳಿಗಾಳಿಗೆ ಒಳಗಡೆ ಮಂಜುಗಡ್ಡೆ ಕಟ್ಟಿ ಮುಚ್ಕೊಳ್ಳುತ್ತೆ, ಬಾಯ್ಲರು ತಾನೇ ನಿಂತ್ಕೊಳ್ಳುತ್ತೆ. ಆ ಗಡ್ಡೆ ಕರಗಿಸಬೇಕು ಅಷ್ಟೇ.”

“ಅದನ್ನೇ ಮಾಡಿದ್ದು.”

“ಕುದಿಯೋ ನೀರು ಸುರಿದಿದ್ರೆ ಪ್ಲಾಸ್ಟಿಕ್ಕು ಬಿರುಕು ಬಿಟ್ಟಿರೋದು.” ಅವಳು ಕೊಳವೆಯನ್ನು ಬೆರಳಿನಿಂದ ತಟ್ಟಿ ನೋಡಿದಳು. “ಸ್ವಲ್ಪ ಆರಿದ್ದು ಬೇಕು. ಚಹಾ ಇಳಿಯೋಕೆ ಐದು ನಿಮಿಷ ಬಿಟ್ಟಿರ್ತೀರಲ್ಲ, ಸರಿಯಾದ ಹದ ಅದೇ.” ಹೀಗೆ ಹೇಳಲು ಅವಳಿಗೆ ಬಹಳ ಕಷ್ಟವಾದಂತೆ ಕಂಡಿತು. “ಆದ್ರೆ ಸಾರ್, ಬರೀ ಬಿಸಿನೀರು ಸಾಕಾಗಿತ್ತು.”

ಗೋಡೆಯಾಚೆ ಮಿಸೆಸ್ ಟ್ಯಾಟರ್ಸಾಲ್, ಈಚೆ ಸೆಲ್ವಿನ್, ಇಬ್ಬರೂ ನನ್ನ ಉತ್ತರಕ್ಕೆ ಕತ್ತು ಚಾಚಿದರು.

“ಬರೀ ನೀರಾ?” ಎಂದೆ. “ಮನೆಗೆ ಬಂದವರ ಕೈಗೆ ಬರೀ ಬಿಸಿನೀರು ಕೊಡ್ತೀಯೇನಮ್ಮ ನೀನು?”